ಕೆಮ್ಮು ಮತ್ತು ಗರ್ಭಪಾತ ಒಟ್ಟಿಗೆ ಕಾಣಿಸಿದಾಗ: ಹಂದಿ ಮತ್ತು ಕುದುರೆ ಸಾಕುವವರಿಗೆ ಮಾರ್ಗದರ್ಶಿ

ಹಂದಿ ಸಾಕುವವರಾಗಲಿ ಕುದುರೆ ಸಾಕುವವರಾಗಲಿ ಪಶುವೈದ್ಯರ ಮುಂದೆ ಸಾಮಾನ್ಯವಾಗಿ ಎರಡು ಬಗೆಯ ದೂರುಗಳನ್ನು ಇಡುತ್ತಾರೆ. ಮರಿಗಳು ಕೆಮ್ಮುತ್ತಿವೆ, ಉಸಿರಾಡಲು ಕಷ್ಟಪಡುತ್ತಿವೆ ಎಂಬುದು ಒಂದು. ಗಬ್ಬದ ಪ್ರಾಣಿ ದಿನ ತುಂಬುವ ಮೊದಲೇ ಕಂದು ಹಾಕಿತು ಎಂಬುದು ಇನ್ನೊಂದು. ಇವೆರಡರ ನಡುವೆ ಕೆಲವು ವಾರಗಳ ಅಂತರವಿದ್ದರೆ ಸಾಕುವವರಿಗೆ ಅವು ಬೇರೆ ಬೇರೆ ಘಟನೆಗಳಂತೆ ತೋರುತ್ತವೆ, ಮರಿಗಳಿಗೆ ಒಂದು ಚಿಕಿತ್ಸೆಯೂ ತಾಯಿಗೆ ಮತ್ತೊಂದು ಚಿಕಿತ್ಸೆಯೂ ನಡೆಯುತ್ತದೆ. ಆದರೆ ಹಂದಿಯಲ್ಲಿ ಪಿಆರ್‌ಆರ್‌ಎಸ್ ಎಂಬ ಸಂತಾನೋತ್ಪತ್ತಿ ಮತ್ತು ಶ್ವಾಸಕೋಶದ ರೋಗ, ಕುದುರೆಯಲ್ಲಿ ಹರ್ಪಿಸ್ ವೈರಸ್-1 ಮತ್ತು ವೈರಲ್ ಆರ್ಟರೈಟಿಸ್ ರೋಗಗಳು ಈ ಎರಡೂ ಹಾನಿಗಳನ್ನು ಒಂದೇ ವೈರಸ್‌ನಿಂದ ಉಂಟುಮಾಡುತ್ತವೆ. ಒಂದೇ ಶೆಡ್ಡಿನಲ್ಲಿ ಅಥವಾ ಒಂದೇ ಲಾಯದಲ್ಲಿ ಕೆಮ್ಮು ಮತ್ತು ಗರ್ಭಪಾತ ಮೂರು ತಿಂಗಳೊಳಗೆ ಎರಡೂ ಕಂಡುಬಂದರೆ, ಬೇರೆಯೆಂದು ಸಾಬೀತಾಗುವವರೆಗೆ ಅವೆರಡನ್ನೂ ಒಂದೇ ರೋಗವೆಂದು ಭಾವಿಸಿ ಕೆಲಸ ಆರಂಭಿಸಬೇಕು. ಮುಂದೆ ಹೇಳುವ ಕ್ರಮಗಳೆಲ್ಲ ಈ ಒಂದು ತಿಳಿವಳಿಕೆಯ ಮೇಲೆ ನಿಂತಿವೆ.

ಒಂದೇ ವೈರಸ್ ಎರಡು ಕಡೆ ಹೇಗೆ ಹಾನಿ ಮಾಡುತ್ತದೆ

ಪಿಆರ್‌ಆರ್‌ಎಸ್ ವೈರಸ್ ಮತ್ತು ಕುದುರೆಯ ಆರ್ಟರೈಟಿಸ್ ವೈರಸ್ ಆರ್ಟೆರಿವೈರಸ್ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಕುದುರೆಯ ವೈರಸ್ಸನ್ನು 1953ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಬ್ಯುಸೈರಸ್ ಎಂಬಲ್ಲಿನ ಕುದುರೆ ಫಾರಂ ಒಂದರಲ್ಲಿ ಉಸಿರಾಟದ ತೊಂದರೆ ಮತ್ತು ಗರ್ಭಪಾತ ಜೊತೆಜೊತೆಯಾಗಿ ಕಾಣಿಸಿಕೊಂಡಾಗ ಮೊದಲ ಬಾರಿಗೆ ಪ್ರತ್ಯೇಕಿಸಲಾಯಿತು. ಈ ವೈರಸ್ ಸಣ್ಣ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತದೆ. ಆದ್ದರಿಂದಲೇ ಕಾಲು ಬಾವು, ಕಣ್ಣಿನ ಸುತ್ತ ಊತ, ಬೀಜಕೋಶದ ಚೀಲದ ಬಾವು ಬರುತ್ತವೆ. ಹಂದಿಯ ವೈರಸ್ ಶ್ವಾಸಕೋಶದೊಳಗೆ ಕಾವಲು ಕಾಯುವ ಮ್ಯಾಕ್ರೋಫೇಜ್ ಕಣಗಳನ್ನೇ ಹೊಕ್ಕು ಕೊಲ್ಲುತ್ತದೆ. ಕಾವಲು ಇಲ್ಲದ ಶ್ವಾಸಕೋಶಕ್ಕೆ ಸ್ಟ್ರೆಪ್ಟೋಕಾಕಸ್, ಮೈಕೋಪ್ಲಾಸ್ಮಾ ಮುಂತಾದ ಬ್ಯಾಕ್ಟೀರಿಯಾಗಳು ಸುಲಭವಾಗಿ ನುಗ್ಗುತ್ತವೆ, ಮರಿಗಳು ಸಾಯುವುದು ಹೆಚ್ಚಾಗಿ ಈ ಎರಡನೆಯ ಪೆಟ್ಟಿನಿಂದ. ಅದೇ ವೈರಸ್ ರಕ್ತದ ಮೂಲಕ ಗರ್ಭಕೋಶ ತಲುಪಿ, ಗಬ್ಬದ ಕೊನೆಯ ಭಾಗದಲ್ಲಿ ಮಾಸನ್ನು ದಾಟಿ ಮರಿಗಳಿಗೆ ತಗಲುತ್ತದೆ.

ಕುದುರೆಯ ಹರ್ಪಿಸ್ ವೈರಸ್-1 ಬೇರೆ ಕುಟುಂಬದ್ದು. ಅದು ಮೂಗು ಮತ್ತು ಗಂಟಲಿನಲ್ಲಿ ಬೆಳೆದು, ಬಿಳಿ ರಕ್ತಕಣಗಳಲ್ಲಿ ಸಾಗಿ, ಗರ್ಭಕೋಶದ ರಕ್ತನಾಳಗಳನ್ನು ಕೆಡಿಸಿ ಮಾಸು ಕಳಚುವಂತೆ ಮಾಡುತ್ತದೆ. ಒಮ್ಮೆ ಸೋಂಕಾದ ಕುದುರೆಯ ದೇಹದಲ್ಲಿ ಅದು ಜೀವನವಿಡೀ ಅಡಗಿರುತ್ತದೆ. ದೂರದ ಲಾರಿ ಪ್ರಯಾಣ, ಗುಂಪು ಬದಲಾವಣೆ, ಬೇರೆ ಕಾಯಿಲೆ ಇಂಥ ಒತ್ತಡದ ಹೊತ್ತಿನಲ್ಲಿ ಮತ್ತೆ ಹೊರಬರುತ್ತದೆ. ಹೊರಗಿನಿಂದ ಯಾವ ಕುದುರೆಯೂ ಬಾರದ ಲಾಯದಲ್ಲಿಯೂ ಈ ರೋಗ ಏಳಲು ಇದೇ ಕಾರಣ.

ಹಂದಿಯ ಆರ್ಟೆರಿವೈರಸ್ ಕುದುರೆಗೆ ಬರುವುದಿಲ್ಲ, ಕುದುರೆಯದು ಹಂದಿಗೆ ಬರುವುದಿಲ್ಲ, ಎರಡೂ ಮನುಷ್ಯರಿಗೆ ಬರುವುದಿಲ್ಲ. ಆದರೂ ಕಂದು ಹಾಕಿದ ಪ್ರಾಣಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ಏಕೆಂದರೆ ಇದೇ ಲಕ್ಷಣ ತೋರುವ ಬ್ರುಸೆಲ್ಲಾ ಮತ್ತು ಲೆಪ್ಟೋಸ್ಪೈರಾ ಸೋಂಕುಗಳು ಮನುಷ್ಯರಿಗೆ ತಗಲುತ್ತವೆ. ಮನೆಯ ಗರ್ಭಿಣಿಯರನ್ನು ಆ ಜಾಗದಿಂದ ದೂರವಿಡಬೇಕು.

ಹಂದಿಗಳಲ್ಲಿ ಗುರುತಿಸುವ ಬಗೆ

ಪಿಆರ್‌ಆರ್‌ಎಸ್ ಮೊದಲು ಕಂಡದ್ದು 1980ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ. ನಂತರ ಯುರೋಪಿನಲ್ಲೂ ಕಾಣಿಸಿಕೊಂಡಾಗ ನೆದರ್ಲೆಂಡ್ಸ್‌ನ ಲೆಲಿಸ್ಟಾಡ್‌ನಲ್ಲಿ 1991ರಲ್ಲಿ ವೈರಸ್ ಪತ್ತೆಯಾಯಿತು. 2006ರಲ್ಲಿ ಚೀನಾದಲ್ಲಿ ದೊಡ್ಡ ಹಂದಿಗಳನ್ನೂ ಕೊಲ್ಲುವ ತೀವ್ರ ತಳಿ ಕಾಣಿಸಿಕೊಂಡಿತು. ಭಾರತದಲ್ಲಿ ಈ ರೋಗ 2013ರಲ್ಲಿ ಮಿಜೋರಾಂನಲ್ಲಿ ಮೊದಲು ದೃಢಪಟ್ಟಿತು. ಕರ್ನಾಟಕದ ಸಾಕಣೆದಾರರು ಇದನ್ನು ಈಶಾನ್ಯದ ಸಮಸ್ಯೆ ಎಂದು ದೂರ ತಳ್ಳಿಹಾಕುವುದು ಸರಿಯಲ್ಲ. ತಳಿಗಾಗಿ ತರುವ ಹಂದಿಗಳೂ ಮಾರಾಟದ ಲಾರಿಗಳೂ ರಾಜ್ಯದ ಗಡಿಯಲ್ಲಿ ನಿಲ್ಲುವುದಿಲ್ಲ, ವೈರಸ್ಸೂ ಅವುಗಳ ಜೊತೆಯಲ್ಲೇ ಬರುತ್ತದೆ.

ಮೊದಲ ಸೂಚನೆ ತೀರಾ ಸೌಮ್ಯವಾಗಿರುತ್ತದೆ. ಕೆಲವು ತಾಯಿ ಹಂದಿಗಳು ಎರಡು ಮೂರು ದಿನ ಮೇವು ಬಿಡುತ್ತವೆ, ಮೈ ಬಿಸಿಯಾಗುತ್ತದೆ, ಕೆಲವಕ್ಕೆ ಕಿವಿಯ ತುದಿ ನೀಲಿಗಟ್ಟುತ್ತದೆ. ಈ ರೋಗಕ್ಕೆ ನೀಲಿ ಕಿವಿ ರೋಗವೆಂಬ ಹೆಸರು ಇದ್ದರೂ ನೀಲಿ ಕಿವಿ ಕಾಣಲಿಲ್ಲವೆಂದು ರೋಗವಿಲ್ಲ ಎನ್ನಲಾಗದು, ಅದು ಕಾಣುವುದು ಕೆಲವೇ ಹಂದಿಗಳಲ್ಲಿ. ಇದರ ಬೆನ್ನಿಗೆ ಗಬ್ಬದ ಕೊನೆಯ ವಾರಗಳಲ್ಲಿರುವ ಹಂದಿಗಳು ಕಂದು ಹಾಕಲಾರಂಭಿಸುತ್ತವೆ ಅಥವಾ 114 ದಿನ ತುಂಬುವ ಮೊದಲೇ ಮರಿ ಹಾಕುತ್ತವೆ. ಆ ಸೂಲಿನಲ್ಲಿ ಜೀವಂತ ಮರಿ, ನಿಲ್ಲಲಾಗದ ದುರ್ಬಲ ಮರಿ, ಆಗಷ್ಟೇ ಸತ್ತ ಮರಿ, ಕಂದು ಬಣ್ಣಕ್ಕೆ ತಿರುಗಿ ಅರ್ಧ ಕೊಳೆತ ಮರಿ, ಒಣಗಿ ಮಮ್ಮಿಯಾದ ಮರಿ ಇವೆಲ್ಲ ಬೆರೆತಿರುತ್ತವೆ. ಇಂಥ ಬೆರಕೆ ಸೂಲು ನನ್ನ ದೃಷ್ಟಿಯಲ್ಲಿ ಈ ರೋಗದ ಅತ್ಯಂತ ಉಪಯುಕ್ತ ಹೊರಗುರುತು. ಉಳಿದ ಮರಿಗಳ ಕಣ್ಣುರೆಪ್ಪೆ ಊದಿಕೊಳ್ಳುತ್ತದೆ, ಉಸಿರು ಹೊಟ್ಟೆಯಿಂದ ಎತ್ತಿ ಎತ್ತಿ ಬರುತ್ತದೆ, ಹಾಲು ಬಿಡಿಸಿದ ಮೇಲೆ ಕೆಮ್ಮುತ್ತಾ ಕೂದಲು ನಿಂತು ಬಡಕಲಾಗುತ್ತವೆ.

ಸೂಲಿನ ಲೆಕ್ಕ ಬರೆದಿಡದವರಿಗೆ ಈ ರೋಗ ಗುರುತಾಗುವುದು ತಡವಾಗಿಯೇ. ಪ್ರತಿ ತಾಯಿಗೂ ಗಬ್ಬ ಕಟ್ಟಿಸಿದ ದಿನ, ಮರಿ ಹಾಕಿದ ದಿನ, ಜೀವಂತ, ಸತ್ತ, ಒಣಗಿದ ಮರಿಗಳ ಸಂಖ್ಯೆ, ಮೊದಲ ವಾರದಲ್ಲಿ ಸತ್ತವುಗಳ ಸಂಖ್ಯೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಯುರೋಪಿನಲ್ಲಿ ರೋಗ ಮೊದಲು ಹರಡಿದಾಗ ಬಳಸಿದ ಅಳತೆ ಇಂದಿಗೂ ಕೆಲಸಕ್ಕೆ ಬರುತ್ತದೆ: 14 ದಿನಗಳ ಅವಧಿಯಲ್ಲಿ ಗರ್ಭಪಾತ ಮತ್ತು ಅವಧಿಪೂರ್ವ ಸೂಲು ಶೇ. 8ಕ್ಕಿಂತ ಹೆಚ್ಚು, ಸತ್ತು ಹುಟ್ಟುವ ಮರಿಗಳು ಶೇ. 20ಕ್ಕಿಂತ ಹೆಚ್ಚು, ಮೊದಲ ವಾರದಲ್ಲಿ ಮರಿಗಳ ಸಾವು ಶೇ. 26ಕ್ಕಿಂತ ಹೆಚ್ಚು ಎಂಬ ಮೂರರಲ್ಲಿ ಯಾವುದಾದರೂ ಎರಡು ಕಂಡರೆ ಪಿಆರ್‌ಆರ್‌ಎಸ್ ಎಂದು ಶಂಕಿಸಬೇಕು. ಐದಾರು ತಾಯಿ ಹಂದಿಗಳಿರುವ ಸಣ್ಣ ಸಾಕಣೆಗೆ ಶೇಕಡಾ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಒಂದೇ ತಿಂಗಳಲ್ಲಿ ಎರಡು ಸೂಲು ಕೆಟ್ಟರೂ ಅದನ್ನೇ ಎಚ್ಚರಿಕೆಯೆಂದು ತೆಗೆದುಕೊಳ್ಳಬೇಕು.

ಇದೇ ಚಿತ್ರ ತೋರುವ ಬೇರೆ ರೋಗಗಳಿವೆ. ಪಾರ್ವೊವೈರಸ್ ಸೋಂಕಿನಲ್ಲಿ ತಾಯಿಗೆ ಜ್ವರವಿರುವುದಿಲ್ಲ, ಗರ್ಭಪಾತ ಅಪರೂಪ, ಬೇರೆ ಬೇರೆ ಗಾತ್ರದ ಒಣ ಮರಿಗಳು ಹುಟ್ಟುತ್ತವೆ, ಹೆಚ್ಚಾಗಿ ಮೊದಲ ಸೂಲಿನಲ್ಲಿ. ಜಪಾನೀಸ್ ಎನ್ಸೆಫಲೈಟಿಸ್ ಸೊಳ್ಳೆಯಿಂದ ಬರುವುದರಿಂದ ಗದ್ದೆಗಳಲ್ಲಿ ನೀರು ನಿಲ್ಲುವ ಕಾಲದಲ್ಲಿ ಸತ್ತ ಮರಿಗಳ ಸೂಲು ಹೆಚ್ಚುತ್ತದೆ. ಮಂಡ್ಯ, ಕೋಲಾರದ ಕಡೆಯ ಸಾಕಣೆದಾರರು ಇದನ್ನು ವಿಶೇಷವಾಗಿ ನೆನಪಿಡಬೇಕು. ಎಲ್ಲಕ್ಕಿಂತ ಗಂಭೀರವಾದದ್ದು ಹಂದಿ ಜ್ವರ ಮತ್ತು 2020ರಿಂದ ದೇಶದಲ್ಲಿರುವ ಆಫ್ರಿಕನ್ ಹಂದಿ ಜ್ವರ. ಎಲ್ಲ ವಯಸ್ಸಿನ ಹಂದಿಗಳೂ ತೀವ್ರ ಜ್ವರದಿಂದ ಬಿದ್ದು ಸಾಯುತ್ತಿದ್ದರೆ, ಚರ್ಮದ ಮೇಲೆ ಕೆಂಪು ನೇರಳೆ ಮಚ್ಚೆಗಳಿದ್ದರೆ, ಅದು ಈ ಜ್ವರಗಳಲ್ಲೊಂದೇ ಎಂದು ಎಣಿಸಿ ಒಂದು ಹಂದಿಯೂ ಹೊರಹೋಗದಂತೆ ತಡೆಯಬೇಕು. ಕಣ್ಣಿನಿಂದ ನೋಡಿ ಇವನ್ನು ಬೇರ್ಪಡಿಸಲು ಅನುಭವಿ ವೈದ್ಯರಿಗೂ ಆಗುವುದಿಲ್ಲ.

ಕುದುರೆಗಳಲ್ಲಿ ಗುರುತಿಸುವ ಬಗೆ

ಕುದುರೆಯ ಲಾಯದಲ್ಲಿ ಥರ್ಮಾಮೀಟರ್‌ನಷ್ಟು ಉಪಕಾರಿಯಾದ ಸಾಧನ ಬೇರೊಂದಿಲ್ಲ. ಆರೋಗ್ಯವಂತ ದೊಡ್ಡ ಕುದುರೆಯ ಗುದದ ಉಷ್ಣತೆ ಸುಮಾರು 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಈ ಮೂರೂ ವೈರಸ್‌ಗಳಲ್ಲಿ, ಅಂದರೆ ಹರ್ಪಿಸ್, ಆರ್ಟರೈಟಿಸ್ ಮತ್ತು ಇನ್‌ಫ್ಲುಯೆಂಜಾದಲ್ಲಿ, ಜ್ವರವೇ ಮೊದಲು ಬರುತ್ತದೆ. ಹೊರಗಿನಿಂದ ಕುದುರೆ ಬಂದಾಗ ಅಥವಾ ಒಂದು ಕುದುರೆಗೆ ಮೂಗು ಸೋರಿದಾಗ ಲಾಯದ ಎಲ್ಲ ಕುದುರೆಗಳ ಉಷ್ಣತೆಯನ್ನು ಬೆಳಿಗ್ಗೆ ಮತ್ತು ಸಂಜೆ ಅಳೆದು, ಕುದುರೆ ನೋಡಿಕೊಳ್ಳುವ ಸೈಸ್‌ಗಳಿಂದಲೇ ಬರೆಯಿಸಿದರೆ ರೋಗ ಒಂದೆರಡು ದಿನ ಮುಂಚಿತವಾಗಿಯೇ ಸಿಕ್ಕಿಬೀಳುತ್ತದೆ.

ಗಟ್ಟಿಯಾದ ಒಣ ಕೆಮ್ಮು ಎರಡು ಮೂರು ದಿನಗಳಲ್ಲಿ ಲಾಯವಿಡೀ ಹಬ್ಬಿದರೆ ಇನ್‌ಫ್ಲುಯೆಂಜಾ ಎಂದು ಶಂಕಿಸಬೇಕು. 2008ರಲ್ಲಿ ಜಮ್ಮುವಿನ ಕಟ್ರಾದಲ್ಲಿ ಕಾಣಿಸಿಕೊಂಡ ಈ ರೋಗ ಹಲವು ರಾಜ್ಯಗಳಿಗೆ ಹರಡಿತು. ಅದು ಸಾಮಾನ್ಯವಾಗಿ ಕಂದು ಹಾಕಿಸುವ ರೋಗವಲ್ಲ. ಹರ್ಪಿಸ್ ವೈರಸ್-1ರಲ್ಲಿ ಮರಿಗಳಿಗೂ ಎಳೆಯ ಕುದುರೆಗಳಿಗೂ ನೆಗಡಿ, ಕೆಮ್ಮು ಬಂದುಹೋಗುತ್ತವೆ; ವಾರಗಳ ನಂತರ ಗಬ್ಬದ ಕೊನೆಯ ನಾಲ್ಕು ತಿಂಗಳಲ್ಲಿರುವ ಹೆಣ್ಣು ಕುದುರೆ, ಯಾವ ಮುನ್ಸೂಚನೆಯೂ ಇಲ್ಲದೆ, ಕೆಚ್ಚಲು ಇಳಿಯದೆ, ಕೊಳೆಯದ ಮರಿಯನ್ನು ಹೆಚ್ಚಾಗಿ ಮಾಸಿನ ಸಮೇತ ಹಾಕುತ್ತದೆ. ಹಿಂಗಾಲು ತೂರಾಡುವುದು, ಮೂತ್ರ ತಾನಾಗಿ ಸೋರುವುದು, ಬಾಲ ಸಡಿಲವಾಗುವುದು ಕಂಡರೆ ಇದೇ ವೈರಸ್ ನರಮಂಡಲಕ್ಕೆ ಏರಿರಬಹುದು. ಅದು ತುರ್ತು ಸ್ಥಿತಿ. ಆರ್ಟರೈಟಿಸ್‌ನಲ್ಲಿ ಕಣ್ಣು ಕೆಂಪಾಗಿ ನೀರು ಸುರಿಯುವುದು, ಕಾಲು ಮತ್ತು ಹೊಟ್ಟೆಯಡಿ ಬಾವು ಬರುವುದು ಉಂಟು, ಗರ್ಭಪಾತ ಜ್ವರದ ದಿನಗಳಲ್ಲೇ ಅಥವಾ ಅದರ ಹಿಂದೆಯೇ ಆಗುತ್ತದೆ. ಆದರೆ ಸೋಂಕಾದ ಬಹುಪಾಲು ಕುದುರೆಗಳು ಏನನ್ನೂ ತೋರುವುದಿಲ್ಲ.

ಕಂದು ಹಾಕಿದ ದಿನ ಮಾಡಬೇಕಾದ ಕೆಲಸ

ನಿಜವಾದ ನಷ್ಟ ಆಗುವುದು ಈ ದಿನ. ಸತ್ತ ಮರಿಯನ್ನು ತಿಪ್ಪೆಗೆ ಎಸೆದು ಕೊಟ್ಟಿಗೆ ತೊಳೆದುಬಿಟ್ಟರೆ ರೋಗದ ಸಾಕ್ಷ್ಯವೆಲ್ಲ ಆ ನೀರಿನಲ್ಲಿ ಹರಿದುಹೋಗುತ್ತದೆ, ನಾಯಿ ಎಳೆದುಕೊಂಡು ಹೋದ ಮಾಸು ಊರಿಗೇ ಸೋಂಕು ಹಂಚುತ್ತದೆ. ಮೊದಲನೆಯದಾಗಿ, ಕಂದು ಹಾಕಿದ ಪ್ರಾಣಿಯನ್ನು ಅಲ್ಲಿಂದ ಕದಲಿಸದೆ, ಉಳಿದವುಗಳನ್ನು ದೂರ ಸರಿಸಬೇಕು. ಕುದುರೆಗಳಾದರೆ ಅದೇ ಗುಂಪಿನಲ್ಲಿದ್ದ ಗಬ್ಬದ ಕುದುರೆಗಳನ್ನು ಬೇರೆ ಗುಂಪಿಗೆ ಸೇರಿಸಕೂಡದು, ಏಕೆಂದರೆ ಅವು ಆಗಲೇ ಸೋಂಕಾಗಿರುವ ಸಾಧ್ಯತೆಯಿದ್ದು ಹೊಸ ಗುಂಪಿಗೂ ಅದನ್ನು ಒಯ್ಯುತ್ತವೆ. ಆ ಪ್ರಾಣಿಯನ್ನು ನೋಡಿಕೊಳ್ಳಲು ಒಬ್ಬರನ್ನೇ ನೇಮಿಸಬೇಕು. ಅಷ್ಟು ಜನರಿಲ್ಲದಿದ್ದರೆ ಆರೋಗ್ಯವಂತ ಪ್ರಾಣಿಗಳ ಕೆಲಸ ಮುಗಿಸಿ ಕೊನೆಯಲ್ಲಿ ಇಲ್ಲಿಗೆ ಬರಬೇಕು, ಬೂಟು ಬಟ್ಟೆ ಬದಲಿಸಿ, ಕೈ ಸೋಪಿನಿಂದ ತೊಳೆದು ಹೋಗಬೇಕು.

ಪಶುವೈದ್ಯರಿಗೆ ಅದೇ ಗಂಟೆಯಲ್ಲಿ ತಿಳಿಸಬೇಕು. ಹತ್ತಿರದ ಪಶು ಆಸ್ಪತ್ರೆ ಸಿಗದಿದ್ದರೆ ಸಂಚಾರಿ ಪಶು ಚಿಕಿತ್ಸಾ ವಾಹನಗಳ 1962 ಸಂಖ್ಯೆಗೆ ಕರೆ ಮಾಡಬಹುದು. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣಕ್ಕಾಗಿ 2009ರಲ್ಲಿ ಬಂದ ಕೇಂದ್ರ ಕಾಯಿದೆಯ ಪ್ರಕಾರ ಪಟ್ಟಿಯಲ್ಲಿರುವ ರೋಗದ ಸಂಶಯ ಬಂದೊಡನೆ ವರದಿ ಮಾಡುವುದು ಮಾಲೀಕರ ಹೊಣೆ. ಮಾರಾಟ ನಿಂತುಹೋಗುತ್ತದೆ ಎಂಬ ಭಯದಿಂದ ಸುದ್ದಿ ಮುಚ್ಚಿಡುವವರಿದ್ದಾರೆ, ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ರೋಗಿಷ್ಟ ಹಂದಿಗಳನ್ನು ಅವಸರದಲ್ಲಿ ಸಂತೆಗೆ ಮಾರಿದರೆ ಅದೇ ವೈರಸ್ ನೆರೆಯವರ ಶೆಡ್ಡು ತಲುಪಿ, ಮುಂದೊಂದು ದಿನ ಮರಳಿ ನಮ್ಮಲ್ಲಿಗೇ ಬರುತ್ತದೆ.

ಮಾದರಿ ತೆಗೆಯುವುದು ವೈದ್ಯರ ಕೆಲಸ, ಆದರೆ ಅವರು ಬರುವವರೆಗೆ ಅದನ್ನು ಕೆಡದಂತೆ ಇಡುವುದು ಮಾಲೀಕರ ಕೆಲಸ. ಸತ್ತ ಮರಿ ಮತ್ತು ಮಾಸನ್ನು ಕೈಗವಸು ಹಾಕಿ ಎರಡು ಪದರದ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಐಸ್ ತುಂಬಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿಡಬೇಕು. ಫ್ರೀಜರಿನಲ್ಲಿ ಗಡ್ಡೆಗಟ್ಟಿಸಿದರೆ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಬರುವುದಿಲ್ಲ. ಕುದುರೆಯ ಮರಿಯಿಂದ ಶ್ವಾಸಕೋಶ, ಯಕೃತ್ತು, ಗುಲ್ಮ, ಥೈಮಸ್ ತುಣುಕುಗಳು, ತಾಯಿಯಿಂದ ಮೂಗಿನ ಸ್ವಾಬ್ ಮತ್ತು ರಕ್ತ ಬೇಕಾಗುತ್ತವೆ. ಹಂದಿಯಲ್ಲಿ ಕೊಳೆತ ಮರಿಗಿಂತ ದುರ್ಬಲವಾಗಿ ಹುಟ್ಟಿದ, ಇನ್ನೂ ಗಿಣ್ಣುಹಾಲು ಕುಡಿಯದ ಮರಿಯ ರಕ್ತ ಹೆಚ್ಚು ಬೆಲೆಯುಳ್ಳದ್ದು. ಬೆಳೆಯುವ ಹಂದಿಗಳ ಗುಂಪಿಗೆ ಸುಲಭವಾದ ಉಪಾಯವಿದೆ: ಶುದ್ಧ ಹತ್ತಿಯ ಹಗ್ಗವನ್ನು ಅವುಗಳ ಭುಜದ ಎತ್ತರಕ್ಕೆ ತೂಗುಬಿಟ್ಟರೆ ಅರ್ಧ ಗಂಟೆಯೊಳಗೆ ಹಂದಿಗಳೇ ಅದನ್ನು ಅಗಿದು ನೆನೆಸುತ್ತವೆ, ಅದನ್ನು ಹಿಂಡಿ ಬಂದ ಜೊಲ್ಲಿನಲ್ಲಿ ಪಿಸಿಆರ್ ಪರೀಕ್ಷೆಯಿಂದ ವೈರಸ್ ಹುಡುಕಬಹುದು.

ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ದಕ್ಷಿಣ ವಲಯದ ರೋಗನಿರ್ಣಯ ಪ್ರಯೋಗಾಲಯವಿದೆ, ಕುದುರೆ ರೋಗಗಳಿಗೆ ಹರಿಯಾಣದ ಹಿಸಾರಿನಲ್ಲಿ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವಿದೆ. ಎಲ್ಲಿಗೆ ಯಾವ ಮಾದರಿ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಒಂದೇ ರಕ್ತ ಪರೀಕ್ಷೆಯಲ್ಲಿ ಪ್ರತಿಕಾಯ, ಅಂದರೆ ಸೋಂಕಿನ ವಿರುದ್ಧ ದೇಹ ತಯಾರಿಸುವ ರಕ್ಷಕ ಅಂಶ, ಕಂಡರೆ ಅದು ಹಳೆಯ ಸೋಂಕೋ ಲಸಿಕೆಯೋ ಹೊಸ ರೋಗವೋ ತಿಳಿಯದು. ಆದ್ದರಿಂದ ಮೂರು ನಾಲ್ಕು ವಾರಗಳ ನಂತರ ಅದೇ ಪ್ರಾಣಿಯ ಎರಡನೆಯ ರಕ್ತವನ್ನೂ ಕೊಡಬೇಕು. ಪ್ರತಿಕಾಯ ನಾಲ್ಕು ಪಟ್ಟು ಏರಿದ್ದರೆ ಸೋಂಕು ಇತ್ತೀಚಿನದು. ಎರಡನೆಯ ರಕ್ತ ಕೊಡಲು ಬಹಳ ಜನ ಮರೆಯುತ್ತಾರೆ.

ಮಾದರಿ ತೆಗೆದಾದ ಮೇಲೆ ಉಳಿದದ್ದನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಪಿಆರ್‌ಆರ್‌ಎಸ್, ಹರ್ಪಿಸ್, ಆರ್ಟರೈಟಿಸ್, ಇನ್‌ಫ್ಲುಯೆಂಜಾ ಈ ನಾಲ್ಕೂ ವೈರಸ್‌ಗಳಿಗೆ ಕೊಬ್ಬಿನ ಹೊರಪೊರೆ ಇರುವುದರಿಂದ ಸೋಪು, ಬ್ಲೀಚಿಂಗ್ ಪೌಡರ್ ದ್ರಾವಣಗಳಿಗೆ ಬೇಗ ಸಾಯುತ್ತವೆ, ಒಣಗಿದ ಬಿಸಿಲಿನ ನೆಲದಲ್ಲಿ ಹೆಚ್ಚು ಕಾಲ ಉಳಿಯವು. ಆದರೆ ಸಗಣಿ ಮೆತ್ತಿದ ನೆಲಕ್ಕೆ ಔಷಧ ಸುರಿದರೆ ಪ್ರಯೋಜನವಿಲ್ಲ. ಮೊದಲು ಕೆರೆದು, ಸೋಪುನೀರಿನಿಂದ ಉಜ್ಜಿ ತೊಳೆದು, ನಂತರ ಸೋಂಕುನಾಶಕ ಹಾಕಿ, ಪೂರ್ತಿ ಒಣಗಲು ಬಿಡಬೇಕು.

ಹಂದಿ ಶೆಡ್ಡಿನಲ್ಲಿ ರೋಗ ದೃಢಪಟ್ಟ ನಂತರ

ವೈರಸ್‌ಗೆ ಆಂಟಿಬಯಾಟಿಕ್ ತಾಗುವುದಿಲ್ಲ. ಹಿಂದೆ ಬರುವ ಬ್ಯಾಕ್ಟೀರಿಯಾಗಳಿಗಾಗಿ ವೈದ್ಯರು ಅದನ್ನು ಕೊಡಬಹುದು, ಆಗ ಮಾಂಸಕ್ಕೆ ಮಾರುವ ಮೊದಲು ಬಿಡಬೇಕಾದ ದಿನಗಳನ್ನು ಕೇಳಿ ಪಾಲಿಸಬೇಕು. ಮಿಕ್ಕದ್ದೆಲ್ಲ ಸಾಕಣೆಯ ಶಿಸ್ತು. ಸಾಮಾನ್ಯ ದಿನಗಳಲ್ಲಿ ಬಡಕಲು ಮರಿಯನ್ನು ಹೆಚ್ಚು ಹಾಲಿರುವ ತಾಯಿಗೆ ಬಿಡುವುದು ಒಳ್ಳೆಯ ಅಭ್ಯಾಸ. ಈ ರೋಗದ ಕಾಲದಲ್ಲಿ ಹುಟ್ಟಿದ 24 ಗಂಟೆಗಳ ನಂತರ ಹಾಗೆ ಮಾಡಿದರೆ ಒಂದು ಸೂಲಿನ ಸೋಂಕು ಇನ್ನೊಂದಕ್ಕೆ ದಾಟುತ್ತದೆ. ಒಂದು ಸೂಲಿಗೆ ಬಳಸಿದ ಸೂಜಿಯನ್ನು ಇನ್ನೊಂದಕ್ಕೆ ಬಳಸಬಾರದು. ತೂಕ ಬಾರದ ಮರಿಗಳನ್ನು ಹಿಂದಕ್ಕೆ ಉಳಿಸಿಕೊಂಡು ಮುಂದಿನ ಕಿರಿಯ ಗುಂಪಿನ ಜೊತೆ ಸೇರಿಸುವುದು ಬಹುತೇಕ ಎಲ್ಲ ಕಡೆ ನಡೆಯುವ ತಪ್ಪು, ವೈರಸ್ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಸುತ್ತುತ್ತಿರಲು ಮುಖ್ಯ ಕಾರಣವೇ ಅದು. ಒಂದು ಗುಂಪು ಒಟ್ಟಿಗೆ ಒಳಬಂದು ಒಟ್ಟಿಗೆ ಹೊರಹೋಗಬೇಕು, ನಡುವೆ ಆ ಕೋಣೆ ತೊಳೆದು ಒಣಗಿರಬೇಕು.

ಸೋಂಕಾದ ಹಂದಿಯ ಟಾನ್ಸಿಲ್ ಮತ್ತು ದುಗ್ಧಗ್ರಂಥಿಗಳಲ್ಲಿ ವೈರಸ್ ಐದು ತಿಂಗಳವರೆಗೂ ಉಳಿಯಬಲ್ಲದು. ಆ ಅವಧಿಯಲ್ಲಿ ಸೋಂಕು ಕಾಣದ ಹೊಸ ಹೆಣ್ಣು ಹಂದಿ ಬಂದರೆ ಅದಕ್ಕೆ ತಗಲಿ ಚಕ್ರ ಮತ್ತೆ ಶುರುವಾಗುತ್ತದೆ. ಆದ್ದರಿಂದ ಸುಮಾರು 200 ದಿನ ತಳಿ ಹಿಂಡಿಗೆ ಹೊಸ ಹಂದಿಯನ್ನೇ ತರದೆ ಮುಚ್ಚುವುದು ಬಲವಾದ ಉಪಾಯ. ಇಷ್ಟು ದೀರ್ಘ ಕಾಲ ಬದಲಿ ಹಂದಿಗಳಿಲ್ಲದೆ ನಡೆಸುವುದು ಸಣ್ಣವರಿಗೆ ಕಷ್ಟ. ಹಾಗಾಗಿ ಮುಚ್ಚುವ ಮೊದಲೇ ಮುಂದಿನ ತಿಂಗಳುಗಳಿಗೆ ಬೇಕಾಗುವ ಎಳೆಯ ಹೆಣ್ಣು ಹಂದಿಗಳನ್ನು ಒಳಗೆ ಸೇರಿಸಿಕೊಂಡಿರಬೇಕು.

ಬೀಜದ ಗಂಡು ಮತ್ತು ವೀರ್ಯ

ಬೀಜದ ಹಂದಿಯ ವೀರ್ಯದಲ್ಲಿ ಪಿಆರ್‌ಆರ್‌ಎಸ್ ವೈರಸ್ ಸೋಂಕಾದ 92 ದಿನಗಳ ನಂತರವೂ ಸಿಕ್ಕಿದ್ದುಂಟು. ಆ ಹಂದಿ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ. ಊರಿಂದೂರಿಗೆ ಒಂದೇ ಗಂಡು ಹಂದಿಯನ್ನು ಒಯ್ದು ಬಾಡಿಗೆಗೆ ಬಿಡುವ ಪದ್ಧತಿಯನ್ನು ನಾನು ಈ ಕಾರಣಕ್ಕೇ ವಿರೋಧಿಸುತ್ತೇನೆ. ಕೃತಕ ಗರ್ಭಧಾರಣೆಗೆ ವೀರ್ಯ ಕೊಳ್ಳುವವರು ಗಂಡಿನ ಪರೀಕ್ಷಾ ವರದಿ ಕೇಳಿ ಪಡೆಯಬೇಕು.

ಕುದುರೆಯಲ್ಲಿ ಪರಿಸ್ಥಿತಿ ಇನ್ನೂ ಸೂಕ್ಷ್ಮ. ಆರ್ಟರೈಟಿಸ್ ತಗಲಿದ ಬೀಜದ ಕುದುರೆಗಳಲ್ಲಿ ದೊಡ್ಡ ಪಾಲು ವಾಹಕವಾಗಿ ಉಳಿದು ವರ್ಷಗಟ್ಟಲೆ ವೀರ್ಯದಲ್ಲಿ ವೈರಸ್ ಬಿಡುತ್ತವೆ. ವೈರಸ್‌ನ ಉಳಿವಿಗೆ ಗಂಡು ಹಾರ್ಮೋನು ಬೇಕಾದ್ದರಿಂದ ಹೆಣ್ಣು ಕುದುರೆ, ಬೀಜ ಒಡೆಸಿದ ಗಂಡು, ಮರಿ ಯಾವುದೂ ವಾಹಕವಾಗುವುದಿಲ್ಲ. ವೀರ್ಯವನ್ನು ತಣ್ಣಗಿಟ್ಟರೂ ಹೆಪ್ಪುಗಟ್ಟಿಸಿದರೂ ವೈರಸ್ ಸಾಯುವುದಿಲ್ಲ. ಗಂಡು ಕುದುರೆಯ ರಕ್ತ ಪರೀಕ್ಷೆ ಲಸಿಕೆ ಹಾಕುವ ಮೊದಲೇ ನಡೆದು ದಾಖಲಾಗಿರಬೇಕು. ಲಸಿಕೆಯ ದಾಖಲೆಯಿಲ್ಲದೆ ಪ್ರತಿಕಾಯ ಕಂಡರೆ ವೀರ್ಯವನ್ನೂ ಪರೀಕ್ಷಿಸದೆ ಹೆಣ್ಣಿಗೆ ಬಿಡಬಾರದು. ಬೆಂಗಳೂರು ಮತ್ತು ಮೈಸೂರಿನ ರೇಸ್ ಕುದುರೆಗಳ ಹಿಂದೆ ಇಂಥ ಕಾಗದಪತ್ರಗಳಿರುತ್ತವೆ. ಮದುವೆ ಮೆರವಣಿಗೆಯ ಕುದುರೆಗಳಿಗೆ, ಜಟಕಾ ಕುದುರೆಗಳಿಗೆ ಯಾರೂ ಅದನ್ನು ಕೇಳುವುದಿಲ್ಲ. ಅವುಗಳ ಮಾಲೀಕರಿಗೆ ಈ ಮಾಹಿತಿ ಹೆಚ್ಚು ಅಗತ್ಯ.

ಹೊಸ ಪ್ರಾಣಿ, ವಾಹನ, ಮೇವು

ಹೊಸದಾಗಿ ತಂದ ಹಂದಿಯನ್ನು ಕನಿಷ್ಠ 30 ದಿನ, ಸಾಧ್ಯವಾದರೆ 60 ದಿನ, ಪ್ರತ್ಯೇಕ ಶೆಡ್ಡಿನಲ್ಲಿಟ್ಟು ಬಿಡುವ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು. ಹೊಸ ಕುದುರೆಗೆ ಕನಿಷ್ಠ ಮೂರು ವಾರ ಪ್ರತ್ಯೇಕ ವಾಸ, ದಿನಕ್ಕೆರಡು ಬಾರಿ ಉಷ್ಣತೆ ನೋಡುವುದು ಸಾಕಾಗುತ್ತದೆ. ಗಬ್ಬದ ಕುದುರೆಗಳನ್ನು ರೇಸಿನಿಂದ ಬಂದ ಕುದುರೆಗಳಿಂದಲೂ ಹಾಲು ಬಿಡಿಸಿದ ಮರಿಗಳಿಂದಲೂ ಬೇರೆಯಾಗಿ, ಸಣ್ಣ ಸಣ್ಣ ಗುಂಪುಗಳಲ್ಲಿ ಇಡಬೇಕು. ಹಂದಿ ಕೊಳ್ಳಲು ಬರುವ ವ್ಯಾಪಾರಿಯ ಲಾರಿ ಗೇಟಿನ ಹೊರಗೇ ನಿಲ್ಲಬೇಕು. ಅವನು ಅದೇ ದಿನ ಎಷ್ಟು ಶೆಡ್ಡು ಹೊಕ್ಕು ಬಂದಿದ್ದಾನೋ ನಮಗೆ ತಿಳಿಯದು. ಹೋಟೆಲಿನ ಮುಸುರೆಯನ್ನು ಚೆನ್ನಾಗಿ ಕುದಿಸದೆ ಹಾಕಬಾರದು, ಆಫ್ರಿಕನ್ ಹಂದಿ ಜ್ವರ ಮತ್ತು ಹಂದಿ ಜ್ವರ ಬರುವ ದೊಡ್ಡ ದಾರಿಯೇ ಅದು.

ಲಸಿಕೆ ಈ ಶಿಸ್ತಿಗೆ ಬದಲಿಯಲ್ಲ. ಕುದುರೆಯ ಹರ್ಪಿಸ್‌ಗೆ ಗಬ್ಬದ 5, 7 ಮತ್ತು 9ನೇ ತಿಂಗಳಲ್ಲಿ ನಿಷ್ಕ್ರಿಯ ಲಸಿಕೆ ಹಾಕುವುದು ರೂಢಿ. ಅದು ಗರ್ಭಪಾತಗಳ ಸರಣಿಯನ್ನು ತಗ್ಗಿಸುತ್ತದೆಯೇ ಹೊರತು ಪ್ರತಿ ಕುದುರೆಗೂ ಖಾತರಿ ಕೊಡುವುದಿಲ್ಲ. ಪಿಆರ್‌ಆರ್‌ಎಸ್‌ನ ಜೀವಂತ ಲಸಿಕೆ ರೋಗದ ತೀವ್ರತೆ ಕಡಿಮೆ ಮಾಡುತ್ತದೆ, ಆದರೆ ಲಸಿಕೆಯ ವೈರಸ್ಸೇ ಹಿಂಡಿನಲ್ಲಿ ಹರಡಬಲ್ಲದು. ಆದ್ದರಿಂದ ರೋಗವೇ ಇಲ್ಲದ ಶೆಡ್ಡಿಗೆ, ಪಶುಪಾಲನಾ ಇಲಾಖೆಯ ಸಲಹೆಯಿಲ್ಲದೆ, ಯಾರೋ ತಂದುಕೊಟ್ಟ ಲಸಿಕೆಯನ್ನು ಎಂದಿಗೂ ಹಾಕಬಾರದು.

ರೋಗ ಕಳೆಯಿತೆಂದು ಹೇಳುವುದು ಯಾವಾಗ? ಕುದುರೆ ಹರ್ಪಿಸ್‌ನಲ್ಲಿ ಕೊನೆಯ ಜ್ವರ ಅಥವಾ ಕೊನೆಯ ಗರ್ಭಪಾತದಿಂದ 28 ದಿನ ಹೊಸ ಪ್ರಕರಣವಿಲ್ಲದೆ ಕಳೆದ ಮೇಲೆ ಲಾಯವನ್ನು ತೆರೆಯಬಹುದು. ಇನ್‌ಫ್ಲುಯೆಂಜಾದಿಂದ ಚೇತರಿಸಿಕೊಂಡ ಕುದುರೆಗೆ ಜ್ವರವಿದ್ದ ಪ್ರತಿ ದಿನಕ್ಕೆ ಒಂದು ವಾರದಂತೆ, ಏನೇ ಆದರೂ ಮೂರು ವಾರಕ್ಕೆ ಕಡಿಮೆಯಿಲ್ಲದಂತೆ, ವಿಶ್ರಾಂತಿ ಕೊಟ್ಟು ನಂತರವೇ ಓಟಕ್ಕೆ ಬಿಡಬೇಕು. ಹಂದಿ ಶೆಡ್ಡಿನಲ್ಲಿ ಹಾಲು ಬಿಡಿಸುವ ಹೊತ್ತಿನ ಮರಿಗಳ ರಕ್ತ ಅಥವಾ ಜೊಲ್ಲಿನ ಪರೀಕ್ಷೆ ತಿಂಗಳಿಗೊಮ್ಮೆಯಂತೆ ಸತತವಾಗಿ ಹಲವು ಬಾರಿ ಶುದ್ಧವಾಗಿ ಬಂದ ಮೇಲೆ, ಸೋಂಕು ಕಾಣದ ಕೆಲವು ಎಳೆಯ ಹೆಣ್ಣು ಹಂದಿಗಳನ್ನು ಮೊದಲು ಒಳಬಿಟ್ಟು, ಎರಡು ತಿಂಗಳ ನಂತರ ಅವುಗಳ ರಕ್ತ ಪರೀಕ್ಷಿಸಬೇಕು. ಅವು ಶುದ್ಧವಾಗಿ ಉಳಿದಿದ್ದರೆ ಉಳಿದ ಹೊಸ ಹಂದಿಗಳನ್ನು ತರಬಹುದು.